ಮಟ್: ಟರ್ಮಿನಲ್‌ನಿಂದ ಕಳಿಸಿದ ಮೇಲ್ ತಲುಪಬೇಕಾದರೆ
ಲಿನಕ್ಸ್ ಟರ್ಮಿನಲ್‌ನಲ್ಲೇ ಇಮೇಲ್ ಓದಿ ಬರೆಯುವ ತಂತ್ರಾಂಶ ಮಟ್. ಮೈಕೆಲ್ ಎಲ್ಕಿನ್ಸ್ ಇದನ್ನು ರೂಪಿಸಿದ್ದು 1995ರಲ್ಲಿ. ಸಾಮಾನ್ಯವಾಗಿ ಇದು ಪತ್ರವನ್ನು ತಾನೇ ರವಾನಿಸದೆ, ಕಂಪ್ಯೂಟರಿನಲ್ಲಿರುವ ಸೆಂಡ್‌ಮೇಲ್ ಪ್ರೋಗ್ರಾಂ ಕೈಗೆ ಕೊಡುತ್ತದೆ. ತೊಡಕು ಇರುವುದು ಇಲ್ಲೇ. ಪರದೆಯ ಮೇಲೆ 'ಮೇಲ್ ಸೆಂಟ್' ಎಂದು ಬಂದರೂ ನಿಮ್ಮ ಉದ್ಯೋಗದ ಅರ್ಜಿ ಮನೆಯ ಕಂಪ್ಯೂಟರಿನ ಸರದಿಯಲ್ಲೇ ಕೊಳೆಯುತ್ತಿರಬಹುದು. ಮನೆಯ ಸಂಪರ್ಕದಿಂದ ನೇರವಾಗಿ ಬರುವ ಮೇಲನ್ನು ಹಲವು ಸರ್ವರ್‌ಗಳು ಸ್ವೀಕರಿಸುವುದಿಲ್ಲ.

ಹೀಗಾಗಿ ಮಟ್‌ಆರ್‌ಸಿ ಕಡತದಲ್ಲಿ ಸೆಂಡ್‌ಮೇಲ್ ಬದಲು ಎಂಎಸ್‌ಎಂಟಿಪಿ ಎಂಬ ಪುಟ್ಟ ಪ್ರೋಗ್ರಾಂ ಸೂಚಿಸುವುದು ಲೇಸು. ಜಿಮೇಲ್ ಖಾತೆಯಾದರೆ ಪೋರ್ಟ್ 587, ಸ್ಟಾರ್ಟ್‌ಟಿಎಲ್‌ಎಸ್. ಮಾಮೂಲಿ ಪಾಸ್‌ವರ್ಡ್ ನಡೆಯದು. ಎರಡು ಹಂತದ ಪರಿಶೀಲನೆ ಆನ್ ಮಾಡಿ 16 ಅಕ್ಷರಗಳ ಆ್ಯಪ್ ಪಾಸ್‌ವರ್ಡ್ ಪಡೆಯಿರಿ. ಲಾಗ್‌ಫೈಲ್ ಸಾಲನ್ನಂತೂ ಮರೆಯಬೇಡಿ, ಸರ್ವರ್ ಪತ್ರವನ್ನು ಒಪ್ಪಿತೇ ಎಂಬುದು ಅಲ್ಲೇ ಗೊತ್ತಾಗುವುದು. ನೆಟ್ ಇಲ್ಲದಾಗ ಎಂಎಸ್‌ಎಂಟಿಪಿ ಪತ್ರವನ್ನು ಕಾದಿಡುವುದಿಲ್ಲ. ಅದಕ್ಕೆ ಜೊತೆಗೇ ಬರುವ ಎಂಎಸ್‌ಎಂಟಿಪಿಕ್ಯೂ ಬೇಕು.