ಬೋರ್ಡಿನ ಮೇಲಿನ ಉಡುಪಿ

ಬಿ.ಕಾಂ.ನಲ್ಲಿ ಮರ್ಕಂಟೈಲ್ ಲಾ ಓದಿದವರಿಗೆಲ್ಲ ಕಾರ್ಬಾಲಿಕ್ ಸ್ಮೋಕ್ ಬಾಲ್ ನೆನಪಿರುತ್ತದೆ. ಉಳಿದದ್ದೆಲ್ಲ ಮರೆತರೂ ಆ ಹೊಗೆಯ ಚೆಂಡು ಮರೆಯುವುದಿಲ್ಲ. 1891ರಲ್ಲಿ ಲಂಡನ್ನಿನ ಕಂಪನಿಯೊಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ನಮ್ಮ ಚೆಂಡಿನಿಂದ ದಿನಕ್ಕೆ ಮೂರು ಸಲದಂತೆ ಎರಡು ವಾರ ಹೊಗೆ ಎಳೆದುಕೊಂಡರೂ ಇನ್‌ಫ್ಲುಯೆಂಜಾ ಬಂದರೆ 100 ಪೌಂಡ್ ಕೊಡುತ್ತೇವೆ, ನಮ್ಮ ಮಾತು ನಿಜವೆಂದು ತೋರಿಸಲು ಬ್ಯಾಂಕಿನಲ್ಲಿ 1,000 ಪೌಂಡ್ ಇಟ್ಟಿದ್ದೇವೆ ಎಂದಿತು. ಶ್ರೀಮತಿ ಕಾರ್ಲಿಲ್ ಎಂಬಾಕೆ ಹೇಳಿದ ಹಾಗೇ ಮಾಡಿದರು, ಜ್ವರ ಬಂತು, ಹಣ ಕೇಳಿದರು. ಅದು ಬರೀ ಬಡಾಯಿ, ಯಾರೂ ನಿಜವೆಂದು ತಿಳಿಯಬಾರದಿತ್ತು ಎಂದು ಕಂಪನಿ ವಾದಿಸಿತು. 1892ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಬ್ಯಾಂಕಿನಲ್ಲಿ ಹಣ ಇಟ್ಟಿದ್ದೇವೆ ಎಂದ ಮೇಲೆ ಅದು ಬಡಾಯಿಯಾಗಿ ಉಳಿಯುವುದಿಲ್ಲ, ಮಾತು ಕೊಟ್ಟ ಹಾಗೆ ಎಂದಿತು.

ಬಡಾಯಿ ಯಾವುದು, ಮಾತು ಯಾವುದು ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರುತ್ತಿತ್ತು. ಆಸ್ಟ್ರೇಲಿಯಾಕ್ಕೆ ಬಂದು ಅಡಿಲೇಡ್, ಪರ್ತ್, ಈಗ ಬ್ರಿಸ್ಬೇನ್ ಎಂದು ಮೂರು ಊರುಗಳಲ್ಲಿ ಸಂಸಾರ ಹೂಡಿದ ಮೇಲೆ ಅದು ತಿಂಗಳಿಗೊಮ್ಮೆಯಾದರೂ ಹೋಟೆಲಿನ ಟೇಬಲ್ಲಿನ ಮೇಲೆ ಬರುತ್ತದೆ. ನಮ್ಮ ಹೋಟೆಲುಗಳ ಬೋರ್ಡು, ಮೆನು, ರಾಜ್ಯೋತ್ಸವದ ಸಂಚಿಕೆಯಲ್ಲಿ ಬರುವ ಜಾಹೀರಾತು ಇವುಗಳಲ್ಲಿರುವ ಪದಗಳನ್ನು ನಾನು ಲೆಕ್ಕದವನ ಚಾಳಿಯಂತೆ ಮೂರು ಕಾಲಂಗಳಲ್ಲಿ ಬರೆದುಕೊಳ್ಳುತ್ತೇನೆ. ಮೊದಲನೆಯದು ಹೊಗಳಿಕೆ: ‘ಅಮ್ಮನ ಕೈರುಚಿ’, ‘ಊರಲ್ಲೇ ನಂಬರ್ ಒನ್’. ಎರಡನೆಯದು ಊರಿನ ಹೆಸರು: ಉಡುಪಿ, ಮೈಸೂರು, ದಾವಣಗೆರೆ. ಮೂರನೆಯದು ವಸ್ತುಸ್ಥಿತಿ: ‘ತಾಜಾ ಕಾಯಿ’, ‘ಶುದ್ಧ ತುಪ್ಪ’, ‘ಇಂದೇ ರುಬ್ಬಿದ ಹಿಟ್ಟು’. ಮೂರಕ್ಕೂ ಬೇರೆ ಬೇರೆ ಚರಿತ್ರೆಯಿದೆ, ಬೇರೆ ಬೇರೆ ಕಾನೂನಿದೆ.

ಹೊಗಳಿಕೆಯನ್ನು ಬೇಗ ಮುಗಿಸಿಬಿಡೋಣ. ಅದನ್ನು ತೂಗುವ ತಕ್ಕಡಿ ಎಲ್ಲೂ ಇಲ್ಲ. ಈ ದೇಶದಲ್ಲಿ ನಮ್ಮ ಅಡುಗೆಯ ಜಾಹೀರಾತು ನಾವು ಬರುವ ಮೊದಲೇ ಶುರುವಾಗಿತ್ತು. ಟಾಸ್ಮೇನಿಯಾದ ಹೋಬಾರ್ಟ್ ಬಳಿ ಜೋಸೆಫ್ ಕೀನ್ ಎಂಬ ಇಂಗ್ಲಿಷಿನವ 1860ರ ದಶಕದಲ್ಲೇ ಕರಿ ಪೌಡರ್ ಮಾಡಿ ಮಾರುತ್ತಿದ್ದ. 1905ರಲ್ಲಿ ಅವನ ಅಳಿಯ ಹೋಬಾರ್ಟಿನ ಗುಡ್ಡದ ಮೇಲೆ ಕಲ್ಲು ಜೋಡಿಸಿ ‘ಕೀನ್ಸ್ ಕರಿ’ ಎಂದು ದೈತ್ಯಾಕಾರದ ಅಕ್ಷರ ಬರೆಸಿದ. ಅದು ಇಂದಿಗೂ ಅಲ್ಲಿದೆ. ಅದಕ್ಕೆ ನಾಲ್ಕೇ ವರ್ಷ ಮುಂಚೆ, 1901ರಲ್ಲಿ, ಬಿಳಿಯರಲ್ಲದವರು ಬರದಂತೆ ವಲಸೆ ನಿರ್ಬಂಧದ ಕಾಯ್ದೆ ಬಂದಿತ್ತು. ಕರಿ ಪುಡಿಗೆ ಗುಡ್ಡದ ಮೇಲೆ ಜಾಗ, ಕರಿ ಉಣ್ಣುವವರಿಗೆ ಬಂದರಿನಲ್ಲೇ ತಡೆ. ಬಿಳಿಯರ ಆಸ್ಟ್ರೇಲಿಯಾ ನೀತಿ 1973ರಲ್ಲಿ ಪೂರ್ತಿ ಮುಗಿಯಿತು. 2021ರ ಜನಗಣತಿಯಲ್ಲಿ ಭಾರತದಲ್ಲಿ ಹುಟ್ಟಿದವರು 6,73,352 ಮಂದಿ. ಹೊರದೇಶದಲ್ಲಿ ಹುಟ್ಟಿದವರಲ್ಲಿ ಇಂಗ್ಲೆಂಡಿನವರ ನಂತರದ ಸ್ಥಾನ. ಇಷ್ಟು ಜನ ಬಂದ ಮೇಲೆ ‘ಇಂಡಿಯನ್ ಕರಿ’ ಎಂದರೆ ಸಾಲದಾಯಿತು. ಬೋರ್ಡಿಗೆ ಊರುಗಳ ಹೆಸರು ಬಂದವು.

ಊರಿನ ಹೆಸರಿನ ಕಾಲಂ ಬಲು ತೊಡಕಿನದು. ಬ್ರಿಸ್ಬೇನಿನ ದಕ್ಷಿಣದ ಬಡಾವಣೆಯ ಹೋಟೆಲೊಂದರಲ್ಲಿ, ಹೆಸರು ಬೇಡ, ‘ಅಪ್ಪಟ ಮೈಸೂರು ಮಸಾಲಾ’ ತರಿಸಿದೆವು. ದೋಸೆಯೊಳಗೆ ಬೀಟ್‌ರೂಟ್, ಕ್ಯಾಪ್ಸಿಕಂ, ಟೊಮ್ಯಾಟೊ ಸಾಸಿನ ಸಿಹಿ. ಇದು ಮೈಸೂರು ಹೇಗಾಯಿತಪ್ಪಾ ಎಂದು ಸಪ್ಲೈಯರ್ ಹುಡುಗನನ್ನು ಕೇಳಿದೆ. ಪಂಜಾಬಿನಿಂದ ಓದಲು ಬಂದ ಪಾಪದ ಹುಡುಗ. “ಒಳಗೆ ಕೆಂಪಗಿದ್ದರೆ ಮೈಸೂರು, ಬೆಳ್ಳಗಿದ್ದರೆ ಪ್ಲೇನ್, ಅಂಕಲ್” ಅಂದ. ಅವನಿಗೆ ಹಾಗೆ ಹೇಳಿಕೊಟ್ಟಿದ್ದರು.

ನಗಬಹುದು, ಆದರೆ ಚರಿತ್ರೆ ನಮ್ಮ ಪರವಾಗಿಯೂ ಪೂರ್ತಿ ನಿಲ್ಲುವುದಿಲ್ಲ. ಹತ್ತನೇ ಶತಮಾನದ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ ಬರುತ್ತದೆ. 1025ರ ಸುಮಾರಿನ ಚಾವುಂಡರಾಯನ ಲೋಕೋಪಕಾರದಲ್ಲಿ ಅದನ್ನು ಉದ್ದಿನಿಂದ ಮಾಡುವ ಬಗೆಯಿದೆ, ಅಕ್ಕಿಯ ಮಾತಿಲ್ಲ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ‘ಧೋಸಕ’ವನ್ನು ಹೇಳುತ್ತಾನೆ. ಆ ದೋಸೆಯಲ್ಲಿ ಆಲೂಗಡ್ಡೆ ಪಲ್ಯವಿಲ್ಲ, ಕೆಂಪು ಚಟ್ನಿಯೂ ಇಲ್ಲ. ಆಲೂಗಡ್ಡೆ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಯುರೋಪಿನವರ ಹಡಗಿನಲ್ಲಿ ಆಮೇಲೆ ಬಂದವು. ‘ಸಾವಿರ ವರ್ಷದ ಅಪ್ಪಟ ಮಸಾಲೆ ದೋಸೆ’ ಎಂದು ಯಾರಾದರೂ ಬೋರ್ಡು ಹಾಕಿದರೆ, ಅದು ಗಾಂಧಿಬಜಾರಿನಲ್ಲಿದ್ದರೂ ಸುಳ್ಳೇ.

ಉಡುಪಿಯ ಹೆಸರೂ ಹೀಗೆಯೇ ಪ್ರಯಾಣ ಮಾಡಿದೆ. ಕೃಷ್ಣಮಠ ಮತ್ತು ಅಷ್ಟಮಠಗಳ ಅಡುಗೆಮನೆಯಲ್ಲಿ ಪಳಗಿದ ಕೈಗಳು ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಹೊಟ್ಟೆಪಾಡಿಗೆ ಊರು ಬಿಟ್ಟವು. ಕಡಂದಲೆ ಕೃಷ್ಣರಾಯರು ಮದರಾಸಿಗೆ ಹೋಗಿ ಮುಂದೆ ವುಡ್‌ಲ್ಯಾಂಡ್ಸ್ ಕಟ್ಟಿದರು. ಎ. ರಾಮ ನಾಯಕರು 1942ರಲ್ಲಿ ಮುಂಬಯಿಯ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಆಗ ‘ಉಡುಪಿ’ ಎಂಬ ಪದದಲ್ಲಿ ಒಂದು ಖಚಿತ ಮಾತಿತ್ತು: ಸಸ್ಯಾಹಾರ, ಮಡಿಯಲ್ಲದಿದ್ದರೂ ಶುಚಿ, ಕಡಿಮೆ ಬೆಲೆ, ಬೇಗ ಊಟ. ಈರುಳ್ಳಿ ಬೆಳ್ಳುಳ್ಳಿ ಒಳಗೆ ಬಂದವು, ಆಮೇಲೆ ಪಾವ್ ಭಾಜಿ, ಆಮೇಲೆ ಗೋಬಿ ಮಂಚೂರಿ. ಪರ್ತ್ ತಲುಪುವ ಹೊತ್ತಿಗೆ ‘ಉಡುಪಿ’ ಎಂದರೆ ದೋಸೆ ಸಿಗುತ್ತದೆ ಎಂಬಷ್ಟೇ ಅರ್ಥ ಉಳಿದಿತ್ತು. ಕೆಲವು ಕಡೆ ಬೋರ್ಡಿನಲ್ಲಿ ಉಡುಪಿ, ಮೆನುವಿನಲ್ಲಿ ಬಟರ್ ಚಿಕನ್. ಚಿಕನ್ ತಿನ್ನುವವರ ಮೇಲೆ ನನಗೇನೂ ತಕರಾರಿಲ್ಲ. ಆದರೆ ಆ ಹೆಸರು ನಂಬಿ ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ದವರ ಗತಿಯೇನು?

ಊರಿನ ಹೆಸರನ್ನು ಕಾನೂನು ಕಾಪಾಡುವುದಿಲ್ಲವೇ? ಕಾಪಾಡುತ್ತದೆ, ಅರ್ಧ. ಭಾರತದ ಭೌಗೋಳಿಕ ಸೂಚಕಗಳ ಕಾಯ್ದೆ 1999ರದ್ದು, 2003ರಲ್ಲಿ ಜಾರಿಗೆ ಬಂತು. ಅದರಡಿ ಉಡುಪಿ ಮಲ್ಲಿಗೆ, ಮಟ್ಟುಗುಳ್ಳ, ಬ್ಯಾಡಗಿ ಮೆಣಸಿನಕಾಯಿ, ಧಾರವಾಡ ಪೇಡಾ ನೋಂದಣಿಯಾಗಿವೆ. ಅಂದರೆ ಹುಳಿಗೆ ಹಾಕುವ ಬದನೆಗೆ ರಕ್ಷಣೆಯಿದೆ, ಹೋಟೆಲಿನ ಬೋರ್ಡಿನ ಮೇಲಿನ ‘ಉಡುಪಿ’ಗೆ ಇಲ್ಲ. ಅಡಿಲೇಡಿನಲ್ಲಿದ್ದಾಗ ಇದರ ಇನ್ನೊಂದು ಮುಖ ಕಂಡೆ. ಪಕ್ಕದ ಬರೋಸಾ ಕಣಿವೆಯ ವೈನ್ ತಯಾರಕರು ಬಹುಕಾಲ ತಮ್ಮ ಸರಕಿಗೆ ‘ಪೋರ್ಟ್’, ‘ಶೆರ್ರಿ’ ಎಂದೇ ಹೆಸರಿಡುತ್ತಿದ್ದರು. ಅವು ಪೋರ್ಚುಗಲ್ ಮತ್ತು ಸ್ಪೇನಿನ ಊರುಗಳಿಂದ ಬಂದ ಹೆಸರುಗಳು. ಯುರೋಪಿನ ಜೊತೆಗಿನ ಒಪ್ಪಂದ 2010ರ ಸೆಪ್ಟೆಂಬರ್‌ನಲ್ಲಿ ಜಾರಿಯಾದ ಮೇಲೆ ಅವನ್ನು ಬಿಡಬೇಕಾಯಿತು. ಶೆರ್ರಿ ‘ಅಪೆರಾ’ ಆಯಿತು. ಬದಲಿಗೆ ಬರೋಸಾಕ್ಕೂ ಮಾನ ಸಿಕ್ಕಿತು: ಶೀಶೆಯ ಮೇಲೆ ಆ ಹೆಸರು ಬರೆಯಬೇಕಾದರೆ ಕನಿಷ್ಠ ಶೇ. 85 ದ್ರಾಕ್ಷಿ ಅಲ್ಲಿಯದೇ ಆಗಿರಬೇಕು.

ಅದೇ ಅಡಿಲೇಡಿನಲ್ಲಿ ‘ದಾವಣಗೆರೆ ಬೆಣ್ಣೆ ದೋಸೆ’ ಎಂಬ ಫಲಕ ನೋಡಿದ್ದೇನೆ. ಬೆಣ್ಣೆ ದಾವಣಗೆರೆಯದ್ದಾಗಿರಲು ಸಾಧ್ಯವಿಲ್ಲ. ಕಾಲುಬಾಯಿ ಜ್ವರದ ಭಯಕ್ಕೆ ಈ ದೇಶ ನಮ್ಮ ಹಾಲಿನ ಪದಾರ್ಥಗಳನ್ನು ಸೂಟ್‌ಕೇಸಿನಲ್ಲಿ ತರಲು ಬಿಡುವುದಿಲ್ಲ. ಅದಕ್ಕೆ ಯಾರೂ ಜಗಳ ತೆಗೆಯುವುದಿಲ್ಲ. ಇಲ್ಲಿ ದಾವಣಗೆರೆ ಎಂದರೆ ವಿಧಾನ: ದಪ್ಪ ಮೆತ್ತನೆಯ ದೋಸೆ, ಕೈತುಂಬ ಬೆಣ್ಣೆ, ಸಪ್ಪೆ ಆಲೂಗಡ್ಡೆ ಪಲ್ಯ, ಬಿಳಿ ಚಟ್ನಿ. ಆದರೆ ತಟ್ಟೆಯಲ್ಲಿ ಬಂದದ್ದು ಕಾಗದದಂಥ ಗರಿಗರಿ ದೋಸೆ, ಮೇಲೆ ಮಾರ್ಗರೀನಿನ ಹೊಳಪು. ಊರೂ ಇಲ್ಲ, ವಿಧಾನವೂ ಇಲ್ಲ, ಬೆಣ್ಣೆಯೂ ಇಲ್ಲ. ಮೂರು ಪದಗಳಲ್ಲಿ ದೋಸೆ ಒಂದೇ ನಿಜ.

ಇಲ್ಲಿಗೆ ಮೂರನೇ ಕಾಲಂ ಬಂತು. ಈ ಕಾಲಂನಲ್ಲಿ ಆಸ್ಟ್ರೇಲಿಯಾದ ಕಾನೂನು ಗಟ್ಟಿ. 1974ರ ಟ್ರೇಡ್ ಪ್ರಾಕ್ಟಿಸಸ್ ಕಾಯ್ದೆಯ 52ನೇ ವಿಧಿ ವ್ಯಾಪಾರದಲ್ಲಿ ದಾರಿ ತಪ್ಪಿಸುವ ನಡವಳಿಕೆ ಕೂಡದು ಎಂದಿತು. 2011ರ ಜನವರಿಯಿಂದ ಅದೇ ಮಾತು ಗ್ರಾಹಕ ಕಾನೂನಿನ 18ನೇ ವಿಧಿಯಾಗಿ ಎಲ್ಲ ರಾಜ್ಯಗಳಿಗೂ ಅನ್ವಯಿಸುತ್ತದೆ. ಮೋಸದ ಉದ್ದೇಶವಿತ್ತೆಂದು ಸಾಬೀತು ಮಾಡಬೇಕಿಲ್ಲ, ಓದಿದವನಿಗೆ ತಪ್ಪು ತಿಳಿವಳಿಕೆ ಮೂಡುವಂತಿದ್ದರೆ ಸಾಕು. ಕೋಲ್ಸ್ ಸೂಪರ್ ಮಾರ್ಕೆಟ್ ತನ್ನ ಬ್ರೆಡ್ಡನ್ನು ‘ಇಂದೇ ಬೇಯಿಸಿದ್ದು’ ಎಂದು ಮಾರಿತು. ಅದರಲ್ಲಿ ಕೆಲವು ಐರ್ಲೆಂಡಿನಂಥ ದೂರದ ದೇಶಗಳಲ್ಲಿ ಅರೆಬೆಂದು, ಹೆಪ್ಪುಗಟ್ಟಿ, ಹಡಗಿನಲ್ಲಿ ಬಂದವು. 2015ರಲ್ಲಿ 25 ಲಕ್ಷ ಡಾಲರ್ ದಂಡ. ಪರ್ತ್ ಕಡೆಯ ಸ್ನೋಡೇಲ್ ಎಂಬ ಮೊಟ್ಟೆ ಕಂಪನಿ ಬಯಲಲ್ಲಿ ಮೇಯುವ ಕೋಳಿಗಳ ಮೊಟ್ಟೆ ಎಂದು ಬರೆಯುತ್ತಿತ್ತು. ಹೆಚ್ಚಿನ ಕೋಳಿಗಳು ಶೆಡ್ಡಿನಿಂದ ಹೊರಗೇ ಬರುತ್ತಿರಲಿಲ್ಲವೆಂದು ನ್ಯಾಯಾಲಯ ಕಂಡುಕೊಂಡಿತು. 2017ರಲ್ಲಿ 7,50,000 ಡಾಲರ್ ದಂಡ ಹಾಕಿತು. ಬ್ರಿಸ್ಬೇನಿನಿಂದ ಕಾರಿನಲ್ಲಿ ಎರಡು ಗಂಟೆ ದೂರದ ಬೈರನ್ ಬೇ ಹೆಸರಿನಲ್ಲಿ, ಅಲ್ಲಿನ ದೀಪಸ್ತಂಭದ ಚಿತ್ರ ಹಾಕಿ ಬಂದ ಬಿಯರು ನಿಜವಾಗಿ ಆರುನೂರು ಕಿಲೋಮೀಟರಿಗೂ ಆಚೆ ತಯಾರಾಗುತ್ತಿತ್ತು. 2014ರಲ್ಲಿ ಕಂಪನಿ 20,400 ಡಾಲರ್ ತೆತ್ತಿತು. ಆ ಚಿತ್ರ, ಆ ಹೆಸರು ಎರಡೂ ಕೂಡಿ ಇಲ್ಲೇ ತಯಾರಾಗಿದೆ ಎಂಬ ಮಾತಾಗಿಬಿಟ್ಟಿದ್ದವು.

ಇದೇ ಅಳತೆ ನಮ್ಮ ‘ತಾಜಾ ಕಾಯಿ ಚಟ್ನಿ’ಗೂ ಉಂಟು. ಪರ್ತಿನಲ್ಲಿ ಹಾಗೆಂದು ಬರೆದಿದ್ದ ಹೋಟೆಲೊಂದರಲ್ಲಿ ಬಿಸ್ಕತ್ತಿಗೆ ಹಾಕುವ ಒಣ ಕೊಬ್ಬರಿ ತುರಿಯನ್ನು ಬಿಸಿನೀರಲ್ಲಿ ನೆನೆಸಿ ರುಬ್ಬುತ್ತಿದ್ದರು. ಅಡುಗೆಮನೆಯ ಬಾಗಿಲು ತೆರೆದೇ ಇತ್ತು, ಮೂಟೆಯ ಮೇಲಿನ ಹೆಸರು ಎಲ್ಲರಿಗೂ ಕಾಣುತ್ತಿತ್ತು. ಒಣ ತುರಿ ವಿಷವಲ್ಲ. ಆದರೆ ಅದು ತಾಜಾ ಕಾಯಿಯೂ ಅಲ್ಲ.

ಹೀಗೇಕಾಗುತ್ತದೆ ಎಂಬುದಕ್ಕೆ ಉತ್ತರ ದುಷ್ಟತನದಲ್ಲಿಲ್ಲ, ಲೆಕ್ಕದಲ್ಲಿದೆ. 20 ಡಾಲರ್ ಬೆಲೆಯ ಒಂದು ದೋಸೆ ಎಂದಿಟ್ಟುಕೊಳ್ಳಿ. ಅದರಲ್ಲಿ ಹನ್ನೊಂದನೇ ಒಂದು ಭಾಗ, 1 ಡಾಲರ್ 82 ಸೆಂಟ್, ಜಿಎಸ್‌ಟಿ. ಮನೆಗೆ ತಲುಪಿಸುವ ಆ್ಯಪ್ ಶೇ. 30ರಂತೆ ತೆಗೆದುಕೊಂಡರೆ 6 ಡಾಲರ್ ಹೋಯಿತು. ಉಳಿದದ್ದು 12 ಡಾಲರ್ 18 ಸೆಂಟ್. ಕನಿಷ್ಠ ಕೂಲಿ 2024ರ ಜುಲೈನಲ್ಲೇ ಗಂಟೆಗೆ 24 ಡಾಲರ್ 10 ಸೆಂಟ್ ಇತ್ತು, ದಿನಗೂಲಿಯವರಿಗೆ ಅದರ ಮೇಲೆ ಶೇ. 25, ಭಾನುವಾರ ಇನ್ನೂ ಹೆಚ್ಚು. ಬಾಡಿಗೆ, ಗ್ಯಾಸು, ವಿಮೆ ಕಳೆದರೆ ಮಾಲೀಕನ ಕೈಗೆ ಉಳಿಯುವುದನ್ನು ಸೆಂಟುಗಳಲ್ಲೇ ಎಣಿಸಬೇಕು. ಬಾಡಿಗೆ ಕಡಿಮೆ ಮಾಡಲಾಗದು. ತೆರಿಗೆ ಕಡಿಮೆ ಮಾಡಲಾಗದು. ಕೈಗೆಟುಕುವುದು ತಟ್ಟೆ ಒಂದೇ. ತುಪ್ಪ ಹೋಗಿ ಎಣ್ಣೆ, ಕಾಯಿ ಹೋಗಿ ಒಣ ತುರಿ, ರಾತ್ರಿಯಿಡೀ ಹುದುಗಿದ ಹಿಟ್ಟು ಹೋಗಿ ಡಬ್ಬಿಯ ಹಿಟ್ಟು. ಅಡಿಲೇಡಿನ ಜುಲೈ ಚಳಿಯಲ್ಲಿ ಹಿಟ್ಟು ಹುದುಗುವುದೂ ಕಷ್ಟವೇ. ಇದೆಲ್ಲ ಅರ್ಥವಾಗುತ್ತದೆ. ಅರ್ಥವಾಗದ್ದು ಒಂದೇ: ತಟ್ಟೆ ಬದಲಾದ ದಿನ ಬೋರ್ಡು ಯಾಕೆ ಬದಲಾಗುವುದಿಲ್ಲ?

ಬದಲಾಯಿಸಿದವರು ನಮ್ಮಲ್ಲೇ ಇದ್ದರು. ಬೆಂಗಳೂರಿನ ಎಂಟಿಆರ್ 1924ರಲ್ಲಿ ಮಯ್ಯ ಸಹೋದರರು ಆರಂಭಿಸಿದ್ದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿ ಬಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಿಯೇ ಊಟಕ್ಕೆ ಕೂರುವ ಪದ್ಧತಿ ಅಲ್ಲಿತ್ತು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ರವೆಯಿಂದ ಇಡ್ಲಿ ಮಾಡಿದೆವು ಎಂದು ಆ ಹೋಟೆಲಿನವರು ಹೇಳುತ್ತಾರೆ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಹೆಸರು: ಅದಕ್ಕೆ ‘ರವೆ ಇಡ್ಲಿ’ ಎಂದೇ ಹೆಸರಿಟ್ಟರು. ಅಕ್ಕಿಯ ಬದಲು ರವೆ ಬಂದದ್ದನ್ನು ಮುಚ್ಚಿಡಲಿಲ್ಲ, ಬೋರ್ಡಿಗೇ ಹಾಕಿದರು. ಅದೇ ಹೊಸ ತಿಂಡಿಯಾಯಿತು. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗಳ ಬೆಲೆ ಇಳಿಸಿದಾಗ ಎಂಟಿಆರ್ ಗುಣಮಟ್ಟ ಇಳಿಸದೆ ಮಾರಿ, ದಿನದ ನಷ್ಟವೆಷ್ಟೆಂದು ಹೊರಗೆ ಬರೆದು ಹಾಕುತ್ತಿತ್ತೆಂದು ಹಳೆಯ ಬೆಂಗಳೂರಿಗರು ಇಂದಿಗೂ ನೆನೆಯುತ್ತಾರೆ. ಕೊನೆಗೆ ಬಾಗಿಲು ಹಾಕಿ ಪುಡಿ, ಮಿಕ್ಸ್‌ಗಳ ವ್ಯಾಪಾರಕ್ಕೆ ಇಳಿದರು. ಆ ಪುಡಿಗಳ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡಿತು. ಹೋಟೆಲು ಮಯ್ಯರ ಕುಟುಂಬದಲ್ಲೇ ಉಳಿಯಿತು. ಒಂದೇ ಹೆಸರು, ಈಗ ಎರಡು ಮನೆ.

ಏನನ್ನೂ ಹೇಳಿಕೊಳ್ಳದೆ ನಡೆದ ಉದಾಹರಣೆಯೂ ಇದೆ. ಪರ್ತಿನ ಸ್ವಾನ್ ನದಿಯ ದಡದಲ್ಲಿ, ಬ್ಯಾರಕ್ ಸ್ಟ್ರೀಟ್ ಜೆಟ್ಟಿಯ ಬಳಿ, ಅನ್ನಲಕ್ಷ್ಮಿ ಎಂಬ ಸಸ್ಯಾಹಾರಿ ಊಟದ ಮನೆ ವರ್ಷಗಟ್ಟಲೆ ನಡೆಯಿತು. ಬೇಕಾದಷ್ಟು ಉಣ್ಣಿ, ತೋಚಿದಷ್ಟು ಕೊಡಿ ಎಂಬುದು ಅಲ್ಲಿನ ಪದ್ಧತಿ. ಎಲ್ಲರಿಂದಲೂ ಇದಾಗದು, ಬ್ಯಾಲೆನ್ಸ್ ಶೀಟು ಒಪ್ಪುವುದಿಲ್ಲ. ಆದರೆ ಅಲ್ಲಿ ಬೆಲೆ ಕಟ್ಟುವುದು ಉಂಡ ಮೇಲೆ. ಉಂಡದ್ದಕ್ಕೆ ಬೆಲೆಯೇ ಹೊರತು ಬೋರ್ಡಿಗಲ್ಲ.

ಬಿಡಿ, ಒಂದು ಚಟ್ನಿಗೆ ಇಷ್ಟು ಮಾತೇಕೆ ಎನ್ನಬಹುದು. ನಮಗಾದರೆ ನಾಲಿಗೆಯಲ್ಲಿ ಹಳೆಯ ರುಚಿಯಿದೆ, ಹೋಲಿಸಿ ನಗುತ್ತೇವೆ. ಇಲ್ಲೇ ಹುಟ್ಟಿದ ಮಕ್ಕಳಿಗೆ ಹೋಲಿಸಲು ಬೇರೆ ಏನೂ ಇಲ್ಲ. ಮೈಸೂರು ಎಂದರೆ ಬೀಟ್‌ರೂಟ್, ಉಡುಪಿ ಎಂದರೆ ಬಟರ್ ಚಿಕನ್ ಪಕ್ಕದ ದೋಸೆ ಎಂದೇ ಅವರು ಕಲಿಯುತ್ತಾರೆ. ಭಾಷೆ ಕಲಿಸಲು ಭಾನುವಾರದ ಕನ್ನಡ ಶಾಲೆ ನಡೆಸುತ್ತೇವೆ. ಊರುಗಳ ಹೆಸರಿನ ಅರ್ಥ ಮಾತ್ರ ಹೋಟೆಲಿನವರು ಬರೆದ ಹಾಗೆ. ನಾವು ಸುಮ್ಮನಿರುವುದಕ್ಕೆ ಕಾರಣವೂ ಗೊತ್ತಿದ್ದದ್ದೇ. ಹೋಟೆಲಿನವರು ನಮ್ಮವರು, ಸಂಘದ ಯುಗಾದಿಗೆ ಅವರದೇ ಊಟ, ಸಂಚಿಕೆಗೆ ಅವರದೇ ಜಾಹೀರಾತು. ಎದುರಿಗೆ “ಚೆನ್ನಾಗಿತ್ತು ಸಾರ್”, ಕಾರು ಹತ್ತಿದ ಮೇಲೆ ಅಷ್ಟೋತ್ತರ.

ಪ್ರತಿ ರಾಜ್ಯದಲ್ಲೂ ಗ್ರಾಹಕರ ದೂರು ಕೇಳುವ ಇಲಾಖೆಯಿದೆ, ಆದರೆ ಒಂದು ದೋಸೆಗಾಗಿ ನಮ್ಮವರನ್ನು ಅಲ್ಲಿಗೆ ಎಳೆಯಿರಿ ಎಂದು ಹೇಳಲಾರೆ. ತಟ್ಟೆ ಬರುವ ಮೊದಲೇ ಮೂರು ಪ್ರಶ್ನೆ ಕೇಳಬಹುದು: ಹಿಟ್ಟು ಯಾವತ್ತಿನದು, ಕಾಯಿ ಹಸಿಯೋ ಒಣಗಿದ್ದೋ, ಮೇಲೆ ಹಾಕುವುದು ತುಪ್ಪವೋ ಎಣ್ಣೆಯೋ. ಉತ್ತರಕ್ಕೂ ಮೆನುವಿಗೂ ತಾಳೆಯಾಗದಿದ್ದರೆ ಗಲ್ಲಾದ ಮುಂದೆಯೇ, ಮೆತ್ತಗೆ, ಕನ್ನಡದಲ್ಲೇ ಹೇಳಬಹುದು: “ಅಣ್ಣಾ, ಒಣ ಕೊಬ್ಬರಿಯೇ ಹಾಕಿ, ಪರವಾಗಿಲ್ಲ. ‘ತಾಜಾ’ ಅನ್ನೋದೊಂದನ್ನ ಅಳಿಸಿಬಿಡಿ.” ಖರ್ಚಿಲ್ಲದ ಕೆಲಸ. ಒಂದು ಒದ್ದೆ ಬಟ್ಟೆ ಸಾಕು.