ದೇವದೂತರ ದ್ವೀಪಕ್ಕೆ ಒಂದು ಸೈಕಲ್ ಸುತ್ತು

ಪುಣ್ಯಕ್ಷೇತ್ರಗಳನ್ನು ಕಾಲ್ನಡಿಗೆಯಲ್ಲಿ ಸುತ್ತಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪವನ್ನು ಮಾತ್ರ ಬೈಸಿಕಲ್ಲಿನ ಮೇಲೆ ಸುತ್ತುವುದೇ ಸರಿ ಎಂದು ನನ್ನ ಮತ. ದ್ವೀಪದ ವಿಸ್ತಾರ ಸುಮಾರು 740 ಎಕರೆ. ಅದನ್ನು ಬಳಸಿಕೊಂಡು ಹೋಗುವ ರಸ್ತೆ ಸುಮಾರು 5 ಮೈಲಿ. ನಡೆದು ಹೋದರೆ ನಿಂತು ನೋಡುವುದಕ್ಕೆ ಹೊತ್ತು ಸಾಲದು. ರೇವಿನಲ್ಲಿ ಬಾಡಿಗೆ ಸೈಕಲ್ಲು ಸಿಗುವುದುಂಟು. ಆದರೆ ಬಾಡಿಗೆಯ ಸೈಕಲ್ಲೇರಿದವನ ಒಂದು ಕಣ್ಣು ಸದಾ ಗಡಿಯಾರದ ಮೇಲೆ. ಸ್ವಂತದ್ದಾದರೆ ಕಡೆಯ ದೋಣಿ ಹೊರಡುವವರೆಗೂ ಹೊತ್ತೆಲ್ಲ ನಮ್ಮದೇ.

ಆ ಸೀಮೆಯಲ್ಲಿ ಕೆಲವು ತಿಂಗಳು ಇದ್ದಾಗ ಹಳೆಯ ಬೈಸಿಕಲ್ಲೊಂದನ್ನು ಕೊಂಡಿದ್ದೆ. ಅದನ್ನು ಟಿಬುರಾನ್ ಎಂಬ ಊರಿನ ದಂಡೆಗೆ ತಳ್ಳಿಕೊಂಡು ಹೋಗಿ, ನನಗೂ ಅದಕ್ಕೂ ಚೀಟಿ ಕೊಂಡು, ದೋಣಿ ಹತ್ತಿದೆ. ಯಾರು ನೀನು, ಯಾವ ಊರು, ನಿನ್ನ ತಂದೆ ಯಾರು ಎಂದು ಒಬ್ಬರೂ ಕೇಳಲಿಲ್ಲ. ಇಷ್ಟು ಸಣ್ಣ ಸಂಗತಿಯನ್ನು ಏಕೆ ಎತ್ತಿ ಹೇಳುತ್ತಿದ್ದೇನೆಂಬುದು ಮುಂದೆ ವಾಚಕರಿಗೆ ತಿಳಿದೀತು.

ದೋಣಿ ತಂಗುವ ಮೂಲೆಗೆ ಅಯಾಲಾ ಎಂದು ಹೆಸರು. 1775ರಲ್ಲಿ ಸ್ಪೇನಿನ ನೌಕಾಧಿಕಾರಿ ಹ್ವಾನ್ ಮಾನ್ವೆಲ್ ದೆ ಅಯಾಲಾ ‘ಸ್ಯಾನ್ ಕಾರ್ಲೋಸ್’ ಹಡಗನ್ನು ತಂದು, ದ್ವೀಪಕ್ಕೆ ದೇವದೂತರ ಹೆಸರಿಟ್ಟ. ಮಿವಾಕ್ ಜನರು ಅವನಿಗಿಂತ ಬಹುಕಾಲ ಮುಂಚಿನಿಂದಲೇ ಇಲ್ಲಿ ಬೇಟೆಯಾಡುತ್ತ, ಮೀನು ಹಿಡಿಯುತ್ತ ಇದ್ದರು. ಆದರೂ ನಿಂತ ಹೆಸರು ಹಡಗಿನಲ್ಲಿ ಬಂದವರದೇ.

ಪಶ್ಚಿಮದ ಕಡೆಯಿಂದ ಸುತ್ತು ತೊಡಗಿದೆ. ಮೊದಲಿಗೆ ಸಿಗುವುದು 1863ರಲ್ಲಿ ಅಮೆರಿಕೆಯ ಅಂತರ್ಯುದ್ಧದ ನಡುವೆ ಕಟ್ಟಿದ ರೆನಾಲ್ಡ್ಸ್ ಶಿಬಿರ. ಎದುರಿಗೆ ಗೋಲ್ಡನ್ ಗೇಟ್ ಸೇತುವೆ. ಎಷ್ಟು ಹೊತ್ತು ನಿಂತರೂ ಸಾಕೆನಿಸದ ಸ್ಥಳ. ದಕ್ಷಿಣಕ್ಕೆ ತಿರುಗಿದರೆ 1954ರಿಂದ 1962ರವರೆಗೆ ಕ್ಷಿಪಣಿಗಳನ್ನಿಟ್ಟಿದ್ದ ನೆಲೆ. ಆ ಕ್ಷಿಪಣಿಗಳ ರೇಡಾರ್‌ಗಾಗಿ ದ್ವೀಪದ ಬೆಟ್ಟದ ನೆತ್ತಿಯನ್ನೇ ಬೋಳಿಸಿದ್ದರು. ಆಮೇಲೆ ಮಣ್ಣು ಪೇರಿಸಿ, ಮತ್ತೆ ತಲೆ ಕೂರಿಸಿದರಂತೆ! ಬೆಟ್ಟಕ್ಕೆ ಇರುವ ಲಿವರ್‌ಮೋರ್ ಎಂಬ ಹೆಸರು ಈ ದ್ವೀಪ ಉದ್ಯಾನವಾಗಲಿ ಎಂದು ಹೋರಾಡಿದ ಕ್ಯಾರೊಲಿನ್ ಲಿವರ್‌ಮೋರ್ ಎಂಬ ಮಹಿಳೆಯದು. ಪೂರ್ವದಲ್ಲಿ ಮೆಕ್‌ಡೊವೆಲ್ ಕೋಟೆ. ಎರಡನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಸಿಪಾಯಿಗಳು ಶಾಂತಸಾಗರದ ರಣರಂಗಕ್ಕೆ ಹಾಯ್ದುಹೋದದ್ದು ಇದರ ಮೂಲಕ. ಈಗ ಮಾಡಿಲ್ಲದ ಗೋಡೆಗಳ ನಡುವೆ ಜನ ಬುತ್ತಿ ಬಿಚ್ಚಿ ಉಣ್ಣುತ್ತಾರೆ.

ಇವೆಲ್ಲ ಯಾವ ಹಳೆಯ ಬಂದರಿನಲ್ಲಾದರೂ ಕಾಣಬಹುದಾದವು. ನಾನು ಬಂದದ್ದು ಮುಂದಿನ ತಿರುವಿಗಾಗಿ. ಈಶಾನ್ಯದ ಮೂಲೆಯಲ್ಲಿ ಸೈಕಲ್ಲನ್ನು ಮೇಲೆಯೇ ನಿಲ್ಲಿಸಿ, ಕೆಳಗಿಳಿದೆ. ಇಲ್ಲಿಯೇ 1910ರಿಂದ 1940ರವರೆಗೆ ವಲಸೆ ಠಾಣೆ ಇದ್ದದ್ದು.

ಅಟ್ಲಾಂಟಿಕ್ ಕಡೆಯಿಂದ ಬಂದ ಐರೋಪ್ಯರಲ್ಲಿ ಬಹುಪಾಲು ಜನ ನ್ಯೂಯಾರ್ಕಿನ ಎಲ್ಲಿಸ್ ದ್ವೀಪವನ್ನು ಕೆಲವು ಗಂಟೆಗಳಲ್ಲಿ ದಾಟಿಬಿಡುತ್ತಿದ್ದರು. ಏಷ್ಯದಿಂದ ಬಂದವರಿಗೆ ಇಲ್ಲಿ ವಾರಗಳು, ತಿಂಗಳುಗಳು. ಕೆಲವರಿಗೆ ಹೆಚ್ಚುಕಡಿಮೆ ಎರಡು ವರ್ಷ. 1882ರ ಕಾಯಿದೆ ಚೀನೀ ಕೂಲಿಗಾರರಿಗೆ ಬಾಗಿಲು ಹಾಕಿತ್ತು. ವರ್ತಕರಿಗೂ, ಅಮೆರಿಕೆಯ ಪ್ರಜೆಗಳ ಮಕ್ಕಳಿಗೂ ಮಾತ್ರ ಸಂದು ಬಿಟ್ಟಿತ್ತು. 1906ರ ಭೂಕಂಪದ ಬೆಂಕಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಜನನದ ದಾಖಲೆಗಳು ಸುಟ್ಟುಹೋದವು. ಹುಟ್ಟಿದ್ದು ಇಲ್ಲಿಯೇ ಎಂದು ಹೇಳಿಕೊಂಡು ಪ್ರಜೆಗಳಾದ ಚೀನೀಯರು ಅನೇಕರು. ಅವರ ಮಕ್ಕಳೆಂದು ಕಾಗದ ಹಿಡಿದು ಬಂದವರೂ ಅನೇಕರು. ಅವರಿಗೆ ‘ಕಾಗದದ ಮಕ್ಕಳು’ ಎಂದೇ ಹೆಸರು ಬಿತ್ತು.

ನಿಜವಾದ ಮಗ ಯಾರು, ಕಾಗದದ ಮಗ ಯಾರು? ಅಧಿಕಾರಿಗಳು ಪ್ರಶ್ನೆ ಕೇಳಿ ತಿಳಿಯಹೊರಟರು. ನಿಮ್ಮ ಮನೆಗೆ ಮೆಟ್ಟಿಲೆಷ್ಟು? ಅಕ್ಕಿಯ ಡಬ್ಬ ಎಲ್ಲಿದೆ? ಬೀದಿಯ ಮೂರನೆಯ ಮನೆಯಲ್ಲಿ ಯಾರಿದ್ದಾರೆ? ತಂದೆಯೆನಿಸಿಕೊಂಡವನನ್ನೂ ಬೇರೆಯಾಗಿ ಕೇಳಿ, ಉತ್ತರಗಳನ್ನು ತಾಳೆ ನೋಡುತ್ತಿದ್ದರು. ಬರುವವರು ಪ್ರಶ್ನೋತ್ತರದ ಪುಸ್ತಕವನ್ನು ಹಡಗಿನಲ್ಲಿ ಬಾಯಿಪಾಠ ಮಾಡಿ, ದಡ ಕಾಣುವ ಮೊದಲು ಸಮುದ್ರಕ್ಕೆ ಎಸೆಯುತ್ತಿದ್ದುದೂ ಉಂಟು. ನಾನು ಹುಟ್ಟಿ ಬೆಳೆದ ಮನೆಯ ಅಟ್ಟಕ್ಕೆ ಎಷ್ಟು ಮೆಟ್ಟಿಲು ಎಂದು ಅಲ್ಲಿ ನಿಂತು ಲೆಕ್ಕ ಹಾಕಿದೆ. ಹೊಳೆಯಲಿಲ್ಲ. ಸ್ವಂತ ಮಗನೂ ತಪ್ಪಬಹುದಾದ ಪರೀಕ್ಷೆ ಅದು.

ಕಾದು ಕಾದು ಬೇಸತ್ತವರು ಬ್ಯಾರಕ್ಕಿನ ಮರದ ಗೋಡೆಗಳ ಮೇಲೆ ಕವಿತೆ ಬರೆದರು, ಚಾಕುವಿನಿಂದ ಕೊರೆದರು. ಬಿಟ್ಟುಬಂದ ಊರು, ಮಾಡಿದ ಸಾಲ, ಸೆರೆಯ ಅವಮಾನ ಇವೇ ವಸ್ತು. ಹೆಚ್ಚಿನವರು ಹೆಸರು ಹಾಕಲಿಲ್ಲ. ಗೋಡೆ ಕೆಡಿಸಿದರೆಂದು ಅಧಿಕಾರಿಗಳು ಅಕ್ಷರದ ಗುಳಿಗಳಿಗೆ ಪುಟ್ಟಿ ಮೆತ್ತಿಸಿ, ಮೇಲೆ ಬಣ್ಣ ಬಳಿಸಿದರು. ಆ ಪುಟ್ಟಿಯೇ ಮರವನ್ನು ಕಾಪಾಡಿತು. ಅಳಿಸಹೋದ ಕೈ ಉಳಿಸಿದ ಕೈಯಾಯಿತು.

1940ರ ಆಗಸ್ಟಿನಲ್ಲಿ ಬೆಂಕಿ ಬಿದ್ದು ಕಚೇರಿಯ ಕಟ್ಟಡ ನಾಶವಾಗಿ, ಠಾಣೆ ಮುಚ್ಚಿತು. ಉಳಿದ ಬ್ಯಾರಕ್ಕನ್ನು ಕೆಡವಬೇಕೆಂದಿದ್ದ ಕಾಲದಲ್ಲಿ, 1970ರಲ್ಲಿ, ಅಲೆಕ್ಸಾಂಡರ್ ವೈಸ್ ಎಂಬ ಉದ್ಯಾನರಕ್ಷಕ ಗೋಡೆಯ ಮೇಲಿನ ಚೀನೀ ಬರಹವನ್ನು ಗಮನಿಸಿದ. ಮೇಲಿನವರು ಅದನ್ನು ದೊಡ್ಡದೆಂದು ಎಣಿಸಲಿಲ್ಲ. ವೈಸ್ ಸುಮ್ಮನಾಗದೆ ಜಾರ್ಜ್ ಅರಾಕಿ ಎಂಬ ಪ್ರಾಧ್ಯಾಪಕರಿಗೆ ತಿಳಿಸಿದ. ಅವರು ಛಾಯಾಚಿತ್ರಕಾರರೊಬ್ಬರನ್ನು ಕರೆತಂದು ಗೋಡೆಗಳ ಚಿತ್ರ ತೆಗೆಸಿದರು. ಚೀನೀ ಸಂತತಿಯ ಅಮೆರಿಕನ್ನರು ಚಳವಳಿ ಹೂಡಿದ ಮೇಲೆ, 1976ರಲ್ಲಿ ಕ್ಯಾಲಿಫೋರ್ನಿಯದ ಶಾಸನಸಭೆ 2,50,000 ಡಾಲರ್ ಮಂಜೂರು ಮಾಡಿತು. ಇದುವರೆಗೆ 200ಕ್ಕೂ ಹೆಚ್ಚು ಚೀನೀ ಕವಿತೆಗಳು ಪತ್ತೆಯಾಗಿವೆ. ಇತಿಹಾಸ ಬರೆಯುವವರು ಅಶೋಕನ ಶಾಸನ ಓದಿದವರನ್ನು ಹೊಗಳುವಂತೆ ಈ ಉದ್ಯಾನರಕ್ಷಕನನ್ನೂ ಹೊಗಳಬೇಕು.

ನಮ್ಮ ದೇಶದವರೂ ಇಲ್ಲಿಗೆ ಬಂದರು, ಹೆಚ್ಚಿನವರು ಪಂಜಾಬಿನವರು. ಈ ದ್ವೀಪದಲ್ಲಿ ಬೇರೆಲ್ಲರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಹಿಂದಕ್ಕೆ ಅಟ್ಟಿಸಿಕೊಂಡವರು ಅವರೇ. 1915ರಲ್ಲಿ ಪೆಷಾವರದ ವೈಷ್ಣೋ ದಾಸ್ ಬಾಗೈ, ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳೊಡನೆ ಬಂದಿಳಿದು ಕೆಲವು ದಿನ ಇಲ್ಲಿ ತಡೆಯಲ್ಪಟ್ಟರು. ಕೈಯಲ್ಲಿ 25,000 ಡಾಲರ್ ಇದೆಯೆಂದು ತಿಳಿದ ಮೇಲೆ ಬಿಡುಗಡೆ ಸುಲಭವಾಯಿತು. ಬರ್ಕ್ಲಿ ಪಟ್ಟಣದಲ್ಲಿ ಮನೆ ಕೊಂಡು ಸಾಮಾನಿನೊಡನೆ ಹೋದರೆ, ನೆರೆಯವರು ಮನೆಗೆ ಬೀಗ ಜಡಿದು ಒಳಗೆ ಬಿಡಲಿಲ್ಲ. ಬಾಗೈ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟರು. 1921ರಲ್ಲಿ ಅಮೆರಿಕೆಯ ಪ್ರಜೆಯಾದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಭಾರತೀಯರು ಬಿಳಿಯರಲ್ಲ, ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಬಾಗೈಯವರ ಪೌರತ್ವ ಹೋಯಿತು. ಊರಿಗೆ ಹೋಗಿಬರಲು ಪಾಸ್‌ಪೋರ್ಟು ಕೇಳಿದರೆ, ಬ್ರಿಟಿಷರ ಪಾಸ್‌ಪೋರ್ಟಿನಲ್ಲಿ ಹೋಗು ಎಂಬ ಉತ್ತರ ಬಂತು. ಗದರ್ ಪಕ್ಷದೊಡನೆ ನಿಂತಿದ್ದ ಮನುಷ್ಯ ಅದನ್ನು ಒಪ್ಪುವುದೆಂತು? 1928ರಲ್ಲಿ ಪತ್ರ ಬರೆದಿಟ್ಟು ಪ್ರಾಣ ಕಳೆದುಕೊಂಡರು.

ಕಲಾ ಬಾಗೈ ಮಕ್ಕಳನ್ನು ಓದಿಸಿ ಬೆಳೆಸಿದರು. 1983ರವರೆಗೆ ಬಾಳಿದರು. ಬೀಗ ಜಡಿದ ಆ ಬರ್ಕ್ಲಿಯಲ್ಲಿ ಈಗ ಒಂದು ಬೀದಿಗೆ ಆಕೆಯ ಹೆಸರಿದೆ. 2020ರಲ್ಲಿ ನಗರಸಭೆ ತೀರ್ಮಾನಿಸಿ ಇಟ್ಟದ್ದು.