‘ಬೇಡ ಜಾನ್’ ಅಂದವಳ ಕಾಲ

1862ರಲ್ಲಿ ಲಂಡನ್ನಿನ ಓದುಗರ ಮುಂದೆ ಎರಡು ಬರಹಗಳು ಬಂದವು. ಒಂದು, ಡಬ್ಲ್ಯೂ. ಆರ್. ಗ್ರೆಗ್ ಎಂಬ ಪ್ರಬಂಧಕಾರ ‘ನ್ಯಾಷನಲ್ ರಿವ್ಯೂ’ ಪತ್ರಿಕೆಯಲ್ಲಿ ಬರೆದ ಲೇಖನ. 1851ರ ಜನಗಣತಿಯಲ್ಲಿ ಬ್ರಿಟನ್ನಿನ ಹೆಂಗಸರ ಸಂಖ್ಯೆ ಗಂಡಸರಿಗಿಂತ ಸುಮಾರು 5 ಲಕ್ಷ ಹೆಚ್ಚೆಂದು ಗೊತ್ತಾಗಿತ್ತು. ಮದುವೆಯಿಲ್ಲದೆ ಉಳಿದವರನ್ನು ಹಡಗು ಹತ್ತಿಸಿ, ಗಂಡಸರು ಹೆಚ್ಚಿರುವ ವಸಾಹತುಗಳಿಗೆ ಕಳಿಸಿಬಿಡಿ ಎಂಬುದು ಗ್ರೆಗ್ ಸೂಚಿಸಿದ ಪರಿಹಾರ. ಗೋದಾಮಿನಲ್ಲಿ ಮಿಕ್ಕಿದ ಸರಕಿನ ಲೆಕ್ಕದಂತಿದೆ ಅವನ ಬರಹ.

ಇನ್ನೊಂದು ಕ್ರಿಸ್ಟಿನಾ ರೊಸೆಟ್ಟಿಯ ‘ಗಾಬ್ಲಿನ್ ಮಾರ್ಕೆಟ್’ ಕವನಸಂಕಲನ. ಅದರಲ್ಲಿ ‘ನೋ, ಥ್ಯಾಂಕ್ ಯೂ, ಜಾನ್’ ಎಂಬ ಪುಟ್ಟ ಕವಿತೆಯಿದೆ. ಜಾನ್ ದಿನವೂ ಬಂದು ಪೀಡಿಸುತ್ತಾನೆ, ಮುಖ ಬಾಡಿಸಿಕೊಂಡು ನಿಲ್ಲುತ್ತಾನೆ. ಹೆಣ್ಣು ಅಳುವುದಿಲ್ಲ, ಕ್ಷಮೆ ಕೇಳುವುದಿಲ್ಲ. ಪ್ರೀತಿಸುತ್ತೇನೆಂದು ನಾನು ಯಾವತ್ತೂ ಹೇಳಿರಲಿಲ್ಲವಲ್ಲ ಎಂದು ನೆನಪಿಸುತ್ತಾಳೆ, ಬೇರೆ ಯಾರಾದರೂ ನಿನ್ನನ್ನು ಕಂಡು ಮರುಗಬಹುದು ನೋಡು ಎನ್ನುತ್ತಾಳೆ. ಬೇಕಾದರೆ ಸ್ನೇಹ, ಅದಕ್ಕಿಂತ ಹೆಚ್ಚೇನೂ ಇಲ್ಲ. ವಾದ ನೇರ, ದನಿ ಮನೆಮಾತಿನದು. ಅಣ್ಣ ಡಾಂಟೆ ಗೇಬ್ರಿಯಲ್‌ಗೆ ಈ ದನಿಯೇ ಹಿಡಿಸಲಿಲ್ಲ. ತಂಗಿಯ ಕಾವ್ಯಕ್ಕೆ ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗಳ ಗಡಸುತನ ಅಂಟಿಕೊಂಡಿದೆಯೆಂದು ಆತ ಗೊಣಗಿದ.

ಒಲ್ಲೆ ಎನ್ನುವುದಕ್ಕೆ ಅಂದು ಬೆಲೆ ತೆರಬೇಕಿತ್ತು, ಹೂಂ ಎನ್ನುವುದಕ್ಕೂ ತೆರಬೇಕಿತ್ತು. ಮದುವೆಯಾದ ಗಳಿಗೆಯಿಂದ ಹೆಂಡತಿಯ ದುಡಿಮೆಯ ಹಣ ಕಾನೂನಿನ ಪ್ರಕಾರ ಗಂಡನದು. ಅದು ಅವಳದೇ ಎಂದು ಒಪ್ಪುವ ಕಾಯ್ದೆ ಬಂದದ್ದು 1870ರಲ್ಲಿ. ಆಸ್ತಿಯ ಮೇಲಿನ ಪೂರ್ಣ ಹಕ್ಕಿಗೆ 1882ರ ಕಾಯ್ದೆಯವರೆಗೆ ಕಾಯಬೇಕಾಯಿತು.

ಜಾನ್ ಯಾರು? ಚಿಕ್ಕ ಅಣ್ಣ ವಿಲಿಯಂ ಕೊಟ್ಟ ಸುಳಿವು, ಕಡಲಿನ ಚಿತ್ರಗಳಿಗೆ ಹೆಸರಾದ ಜಾನ್ ಬ್ರೆಟ್ ಎಂದು. ಅಂಥವನೊಬ್ಬ ಇರಲೇ ಇಲ್ಲ ಎಂದು ಕ್ರಿಸ್ಟಿನಾ ಪತ್ರದಲ್ಲಿ ಬರೆದಳು. ಇರಲಿ, ಆಕೆಯ ಬದುಕಿನಲ್ಲಿ ದಾಖಲಾದ ನಿರಾಕರಣೆಗಳೇ ಬೇರೆ. 1848ರಲ್ಲಿ ಚಿತ್ರಕಾರ ಜೇಮ್ಸ್ ಕಾಲಿನ್ಸನ್ ಜೊತೆ ನಿಶ್ಚಯವಾಗಿತ್ತು. 1850ರಲ್ಲಿ ಅವನು ಮತ್ತೆ ಕ್ಯಾಥೊಲಿಕ್ ಪಂಥಕ್ಕೆ ಮರಳಿದಾಗ ಸಂಬಂಧ ಮುರಿಯಿತು. ಇಟಲಿಯ ಕವಿ ಡಾಂಟೆಯನ್ನು ಇಂಗ್ಲಿಷಿಗೆ ತಂದ ಚಾರ್ಲ್ಸ್ ಕೇಲಿ 1866ರಲ್ಲಿ ಕೇಳಿದ, ಒಲವಿದ್ದೂ ಒಪ್ಪಲಿಲ್ಲ. ಎರಡು ಕಡೆಯೂ ಅಡ್ಡ ಬಂದದ್ದು ಧರ್ಮಶ್ರದ್ಧೆ ಎಂದು ಮನೆಯವರು ತಿಳಿದಿದ್ದರು. ಕೇಲಿಯ ಸ್ನೇಹ ಮಾತ್ರ ಅವನು 1883ರಲ್ಲಿ ತೀರಿಕೊಳ್ಳುವವರೆಗೂ ಉಳಿಯಿತು. ಕವಿತೆಯ ಹೆಣ್ಣು ಜಾನ್‌ಗೆ ನೀಡಿದ್ದ ಷರತ್ತೂ ಅದೇ ತಾನೇ!

ಅಣ್ಣ ಡಾಂಟೆ ಗೇಬ್ರಿಯಲ್ ದೂರಿದ ಎಲಿಜಬೆತ್‌ಳದು ಇನ್ನೂ ದೊಡ್ಡ ನಿರಾಕರಣೆ. 1856ರ ಕೊನೆಗೆ ಹೊರಬಂದ ‘ಅರೋರಾ ಲೀ’ ಪದ್ಯದಲ್ಲಿ ಬರೆದ ಕಾದಂಬರಿ. ನಾಯಕಿಯ 20ನೇ ಹುಟ್ಟುಹಬ್ಬದ ಬೆಳಿಗ್ಗೆ ಸೋದರ ಸಂಬಂಧಿ ರೋಮ್ನಿ ತೋಟದಲ್ಲಿ ಮದುವೆಯ ಮಾತೆತ್ತುತ್ತಾನೆ. ಹೆಂಗಸರಿಂದ ದೊಡ್ಡ ಕಾವ್ಯ ಆಗದು, ನನ್ನ ಸಮಾಜಸೇವೆಗೆ ಕೈಜೋಡಿಸು ಎನ್ನುತ್ತಾನೆ. ನಿನಗೆ ಬೇಕಿರುವುದು ಹೆಂಡತಿಯಲ್ಲ, ಕೆಲಸಕ್ಕೊಬ್ಬ ಸಹಾಯಕಿ ಎಂದು ಅವಳು ತಿರುಗೇಟು ಕೊಡುತ್ತಾಳೆ. ಮನೆತನದ ಆಸ್ತಿ ಅವನ ಪಾಲಿಗಿದೆ. ಅತ್ತೆಯ ಹೆಸರಿನಲ್ಲಿ ಗುಟ್ಟಾಗಿ ಅವನು ಕೊಡಹೊರಟ 30,000 ಪೌಂಡಿನ ಕಾಗದವನ್ನೂ ಹರಿದುಹಾಕಿ, ಲಂಡನ್ನಿನಲ್ಲಿ ಬರೆದು ಹೊಟ್ಟೆ ಹೊರೆಯುತ್ತಾಳೆ. ಕೊನೆಯಲ್ಲಿ ಕುರುಡನಾದ ರೋಮ್ನಿಯನ್ನೇ ಒಪ್ಪುತ್ತಾಳೆ ಎಂಬುದು ಇಂದಿನ ಕೆಲವು ಓದುಗರಿಗೆ ಮುಜುಗರ. ಆದರೆ ಎಲಿಜಬೆತ್‌ಳ ಜಗಳ ಮದುವೆಯ ಜೊತೆಗಿರಲಿಲ್ಲ. ಮಕ್ಕಳಲ್ಲಿ ಯಾರೂ ಮದುವೆಯಾಗಕೂಡದೆಂಬ ತಂದೆಯ ಕಣ್ಣು ತಪ್ಪಿಸಿ, 40ರ ವಯಸ್ಸಿನಲ್ಲಿ, 1846ರ ಸೆಪ್ಟೆಂಬರ್ 12ರಂದು ಗುಟ್ಟಾಗಿ ರಾಬರ್ಟ್ ಬ್ರೌನಿಂಗನ ಕೈಹಿಡಿದವಳು ಆಕೆ. ತಂದೆ ಮತ್ತೆಂದೂ ಮಗಳ ಮುಖ ನೋಡಲಿಲ್ಲ.

ಮುಂದಿನ ತಲೆಮಾರಿಗೆ ಈ ವಿಷಯದಲ್ಲಿ ನಗಲೂ ಬಂತು. ಬರ್ಮಿಂಗ್ಹ್ಯಾಮಿನ ಕಾನ್‌ಸ್ಟನ್ಸ್ ನೇಡನ್ ಮೇಸನ್ ಕಾಲೇಜಿನಲ್ಲಿ ವಿಜ್ಞಾನ ಓದಿದವಳು. 1887ರಲ್ಲಿ ಪ್ರಕಟಿಸಿದ ‘ದ ನ್ಯೂ ಆರ್ಥೊಡಾಕ್ಸಿ’ಯಲ್ಲಿ ಗರ್ಟನ್ ಕಾಲೇಜಿನ ಹುಡುಗಿ ಪ್ರಿಯಕರನಿಗೆ ಪತ್ರ ಬರೆಯುತ್ತಾಳೆ: ನೀನು ಡಾರ್ವಿನ್ನನ ಮಾತನ್ನೇ ಶಂಕಿಸುತ್ತೀಯಂತೆ, ನಿಜವೇ? ನಿಜವಾದರೆ ಸಂಬಂಧ ಅಷ್ಟಕ್ಕೇ. ಕಾಲಿನ್ಸನ್ ಕಾಲದಲ್ಲಿ ಸಂಬಂಧ ಮುರಿದದ್ದು ಚರ್ಚಿನ ಪಂಥ, ಇಲ್ಲಿ ವಿಕಾಸವಾದ! ನಗೆಯ ಹಿಂದೆ ಇತಿಹಾಸವಿದೆ. 1869ರಲ್ಲಿ ಹೆಂಗಸರಿಗಾಗಿಯೇ ಗರ್ಟನ್ ಶುರುವಾಗದಿದ್ದರೆ ಈ ಪತ್ರ ಬರೆಯುವ ಹುಡುಗಿಯೇ ಇರುತ್ತಿರಲಿಲ್ಲ. ನೇಡನ್ 1887ರಲ್ಲೇ ಪ್ರವಾಸ ಹೊರಟು ಭಾರತಕ್ಕೂ ಬಂದುಹೋದಳು. 1889ರಲ್ಲಿ, 31ರ ವಯಸ್ಸಿಗೆ ತೀರಿಕೊಂಡಳು.

ಈ ಕವಯಿತ್ರಿಯರನ್ನೆಲ್ಲ ಒಂದೇ ಮೆರವಣಿಗೆಯಲ್ಲಿ ನಿಲ್ಲಿಸುವ ಅಭ್ಯಾಸ ಈಚಿನ ವಿಮರ್ಶೆಯಲ್ಲಿದೆ. ಅದು ಸರಿಯಲ್ಲ. ಮಹಿಳಾ ಮತದಾನಕ್ಕೆ ಬೆಂಬಲ ಕೇಳಿ ಕವಯಿತ್ರಿ ಅಗಸ್ಟಾ ವೆಬ್‌ಸ್ಟರ್ ಪತ್ರ ಬರೆದಾಗ, ಬೈಬಲ್ಲಿನಲ್ಲಿ ಗಂಡು ಹೆಣ್ಣಿನ ಸ್ಥಾನ ಬೇರೆ ಬೇರೆ ಎಂಬ ಕಾರಣ ಕೊಟ್ಟು ಕ್ರಿಸ್ಟಿನಾ ಒಪ್ಪಲಿಲ್ಲ. ಹಾಗೆ ಹೇಳುತ್ತಲೇ, ಹಕ್ಕಿನ ಮಾತೇ ಆದರೆ ಸಂಸತ್ತಿನಲ್ಲೂ ಹೆಂಗಸರು ಕೂರುವುದು ನ್ಯಾಯ, ಮದುವೆಯಾದವರನ್ನು ಮತದಿಂದ ಹೊರಗಿಡುವುದು ತಪ್ಪು ಎಂದೂ ಸೇರಿಸಿದಳು. ಜಾನ್‌ನನ್ನು ಬೇಡವೆಂದ ಲೇಖನಿಯೇ 1889ರಲ್ಲಿ ಮಹಿಳಾ ಮತದಾನದ ವಿರುದ್ಧದ ಮನವಿಗೂ ಸಹಿ ಹಾಕಿತು.